ರೇವವ್ವ ತುಂಬಿದ ಉಡಿ

ಬಸವನ ಬಾಗೇವಾಡಿಯಲ್ಲಿ ಬಸ್ಸಿನಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಒಂದು ದೊಡ್ಡ ಫ್ಲೆಕ್ಸು. ಅದರ ಎಡಗಡೆ ಬಿಳಿ ಕೋಟಿನ ಡಾಕ್ಟರರು ಕೈಕಟ್ಟಿ ನಿಂತಿದ್ದಾರೆ. ನಡುವೆ ಪ್ಲಾಸ್ಟಿಕ್ ಹೊದಿಸಿದ ರೋಬೋದ ಕೈ. ಬಲಗಡೆ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು, ಒಂದು ಹೆಜ್ಜೆ ಮುಂದಿಟ್ಟು ನಗುತ್ತಿರುವ ಹೆಂಗಸು ಮಸೂತಿ ಎಂಬ ಊರಿನ ರೇವವ್ವ. 'ಮತ್ತೆ ನಡೆದಾಡಿ, ನಿಶ್ಚಿಂತೆಯಿಂದ' ಎಂದು ಅವಳ ಕಾಲ ಕೆಳಗೆ ಬರೆದಿದೆ. ಆ ನಗು ಸುಳ್ಳಲ್ಲ. ಫೋಟೋ ತೆಗೆದ ದಿನ ಅವಳು ನಿಜವಾಗಿಯೂ ನಕ್ಕಿದ್ದಳು. ಆಮೇಲೆ ಆದದ್ದನ್ನು ಯಾರೂ ಫ್ಲೆಕ್ಸು ಮಾಡಿಸುವುದಿಲ್ಲ, ಅದಕ್ಕೇ ಇಲ್ಲಿ ಹೇಳಬೇಕಾಗಿದೆ.

ರೇವವ್ವ ಹುಟ್ಟಿದ್ದು ದೇವರ ಹಿಪ್ಪರಗಿಯ ಸೀಮೆಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಕೊಟ್ಟಿದ್ದು ಮಸೂತಿಗೆ, ಅದೂ ಕುರಿ ಕಾಯುವವರ ಮನೆಗೇ. ಗಂಡ ಅಮಸಿದ್ದನಿಗೆ ಮಾತು ಕಡಿಮೆ, ನಡಿಗೆ ಜಾಸ್ತಿ. ಅವನ ಅಣ್ಣನ ಹೆಂಡತಿ ಸಾತವ್ವ ಮನೆಯ ಯಜಮಾನಿಕೆ ಹಿಡಿದಿದ್ದಳು. ಹಿಟ್ಟಿನ ಡಬ್ಬಿಯಿಂದ ಹಿಡಿದು ಯಾರ ಮದುವೆಗೆ ಯಾರು ಹೋಗಬೇಕೆಂಬುದರ ತನಕ ಎಲ್ಲವೂ ಅವಳು ಹೇಳಿದಂತೆ. ನೆಗೆಣ್ಣಿಯರಿಬ್ಬರಲ್ಲಿ ಒಬ್ಬಳು ಮನೆಗೆ, ಒಬ್ಬಳು ಕುರಿಗೆ ಎಂದು ಮೊದಲ ವರ್ಷವೇ ಹಂಚಿಕೆಯಾಯಿತು. ರೇವವ್ವ ಕುರಿಯ ಪಾಲಿಗೆ ಬಂದಳು. ಸುಗ್ಗಿ ಮುಗಿದ ಮೇಲೆ ಜೋಳದ ಹೊಲದವರು, ತೊಗರಿ ಹೊಲದವರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಕರೆಯುತ್ತಿದ್ದರು. ಗಂಡ ಮುಂದೆ, ಮಂದೆ ನಡುವೆ, ತಲೆಯ ಮೇಲೆ ಬುಟ್ಟಿ ಹೊತ್ತು ಬಗಲಲ್ಲಿ ಮಗ ಅರುಣಕುಮಾರನನ್ನು ಏರಿಸಿಕೊಂಡು ರೇವವ್ವ ಹಿಂದೆ. ಸಿಂದಗಿ ದಾಟಿ, ಆಲಮೇಲದ ಆಚೆ ಭೀಮೆಯ ದಂಡೆಯ ತನಕ ನಡೆದು ಹೋಗಿ ನಡೆದೇ ಬರುತ್ತಿದ್ದರು. ಆಗಿನ ಅವಳ ನಡಿಗೆ ನೋಡಿದವರು ಈಗಲೂ ನೆನೆಸುತ್ತಾರೆ. ಕುರಿನಾಯಿಗಳೇ ಹಿಂದೆ ಬೀಳುತ್ತಿದ್ದವಂತೆ.

ಆ ನಡಿಗೆಯನ್ನು ಕೆಡಿಸಿದ್ದು ಒಂದು ಟಗರು. ಸಾತವ್ವನ ಗಂಡನಿಗೆ ಟಗರಿನ ಕಾಳಗದ ಹುಚ್ಚು. ಮನೆಯ ಮಕ್ಕಳಿಗೆ ಸಿಗದ ಹಾಲು, ತತ್ತಿ ಆ ಟಗರಿಗೆ ಸಿಗುತ್ತಿತ್ತು. ಮಗಳು ಕಾವೇರಿ ಇನ್ನೂ ಮೊಲೆ ಕುಡಿಯುವ ಕೂಸಾಗಿದ್ದಾಗ, ರೇವವ್ವ ಹಿತ್ತಲಲ್ಲಿ ಕುರಿಗಳು ಕುಡಿಯುವ ದೋಣಿಗೆ ನೀರು ಸುರಿಯಲು ಬಗ್ಗಿದ್ದಾಗ, ಹಗ್ಗ ಕಿತ್ತುಕೊಂಡು ಬಂದ ಟಗರು ಬಲಗಡೆಯ ಚಪ್ಪೆಗೆ, ಸೊಂಟದ ಕೀಲಿಗೇ, ಗುದ್ದಿತು. ಅವಳು ಕಲ್ಲಿನ ದೋಣಿಯ ಮೇಲೆಯೇ ಬಿದ್ದಳು. ದವಾಖಾನೆಗೆ ಒಯ್ಯಬೇಕೆಂದು ಅಮಸಿದ್ದ ಬಾಯಿ ತೆರೆದ. ಎಲುಬು ಕಟ್ಟುವವ ಹತ್ತಿರದಲ್ಲೇ ಇರುವಾಗ ಅಷ್ಟು ದೂರ ಯಾಕೆ ಎಂದು ಅಣ್ಣ ಹೇಳಿದ, ಅಮಸಿದ್ದ ಬಾಯಿ ಮುಚ್ಚಿದ. ಬಿದಿರಿನ ಪಟ್ಟಿ ಕಟ್ಟಿಸಿದರು. ಮಂದೆ ಹೊರಡುವ ದಿನ ಬಂದಾಗ ಪಟ್ಟಿ ಬಿಚ್ಚಿ ಎಬ್ಬಿಸಿದರು. ಅದೇ ವರ್ಷ ಟಗರು ಕಾಳಗದಲ್ಲಿ ಗೆದ್ದಿತು. ಅದಕ್ಕೆ ಭಂಡಾರ ಹಚ್ಚಿ, ಹಾರ ಹಾಕಿ, ಹಲಗಿ ಬಾರಿಸುತ್ತ ಊರ ತುಂಬ ಮೆರೆಸಿದರು. ರೇವವ್ವ ಹೊಸ್ತಿಲಲ್ಲಿ ಕೋಲು ಹಿಡಿದು ನಿಂತು ಅದರ ಮೆರವಣಿಗೆ ನೋಡಿದಳು. ಆಮೇಲೆ ಅವಳನ್ನು ಯಾರೂ ಬರೀ ರೇವವ್ವ ಎನ್ನಲಿಲ್ಲ. ಕುಂಟ ರೇವವ್ವ ಎಂದೇ ಹೆಸರಾಯಿತು.

ಸಾತವ್ವ ಕೆಟ್ಟವಳೆಂದು ಹೇಳಿ ಮುಗಿಸಿಬಿಟ್ಟರೆ ನನಗೂ ಸುಲಭ. ಆದರೆ ಎಷ್ಟೋ ವರ್ಷ ನೆಗೆಣ್ಣಿಯ ಆ ಚಪ್ಪೆಗೆ ಔಡಲೆಣ್ಣೆ ಕಾಸಿ ತಿಕ್ಕಿದವಳು ಅವಳೇ. ತಿಕ್ಕುವಾಗ ಕೈ ಮೆತ್ತಗಿರುತ್ತಿತ್ತು, ಬಾಯಿ ಮಾತ್ರ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. "ನಿನ್ನ ಹಣ್ಯಾಗ ಬರದದ್ದ ಇಷ್ಟs ನೋಡs ರೇವಿ" ಎನ್ನುತ್ತಿದ್ದಳು, ಟಗರು ಯಾರದೆಂಬುದನ್ನು ಮರೆತವಳ ಹಾಗೆ.

ಇನ್ನೊಂದು ಕಟ್ಟಳೆ ಆ ಮನೆಯಲ್ಲಿತ್ತು. ಅಂಗ ಊನವಾದ ಹೆಂಗಸು ಶುಭಕಾರ್ಯದಲ್ಲಿ ಮೊದಲ ಉಡಿ ತುಂಬಬಾರದು. ಯಾರು ಮಾಡಿದ ಕಟ್ಟಳೆಯೋ, ಯಾವ ದೇವರು ಹೇಳಿದ್ದೋ, ಕೇಳಿದರೆ "ಮೊದಲಿಂದ ಹಂಗs ಐತಿ" ಎಂಬ ಉತ್ತರ ಬರುತ್ತಿತ್ತು. ಕಾವೇರಿಯ ಮದುವೆಯಲ್ಲಿ ಕಂಬಳಿ ಹಾಸಿ, ಮಗಳನ್ನು ಕೂರಿಸಿ, ಉಡಿ ತುಂಬಲು ತಾಯಿಯನ್ನು ಕರೆಯುವ ಹೊತ್ತಿಗೆ ಸಾತವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಕೂತಳು. ಹೆತ್ತವಳು ಕಂಬಕ್ಕೆ ಆನಿಕೊಂಡು ನೋಡುತ್ತ ನಿಂತಳು. ಕಾಲಿನ ನೋವಿಗೆ ರೇವವ್ವ ಎಂದೂ ಅತ್ತವಳಲ್ಲ. ಆ ದಿನ ಮಾತ್ರ ದನದ ಕೊಟ್ಟಿಗೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಕಾವೇರಿಯನ್ನು ಕೊಟ್ಟಿದ್ದು ಆಲಮೇಲಕ್ಕೆ, ಕಬ್ಬಿನ ಹೊಲ ಇದ್ದವರ ಮನೆಗೆ. ಬಹಳ ವರ್ಷ ಮಕ್ಕಳಾಗಲಿಲ್ಲ. ಹರಕೆ, ಔಷಧ, ಸೊಲ್ಲಾಪುರದ ಡಾಕ್ಟರು, ಯಾರೋ ಹೇಳಿದ ಬೇರು ಎಲ್ಲ ಆದವು. ಮಕ್ಕಳಿಲ್ಲದ ಸೊಸೆಯನ್ನು ಊರು ಹೇಗೆ ನೋಡುತ್ತದೆಂಬುದು ಬಿಡಿಸಿ ಹೇಳುವ ಮಾತಲ್ಲ. ಅತ್ತೆ ಸುಮಿತ್ರಾಬಾಯಿ ಒಳ್ಳೆಯವಳು, ಬೈಯುತ್ತಿರಲಿಲ್ಲ. ಬೇರೆಯವರ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗುವಾಗ ಸೊಸೆಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು, ಅಷ್ಟೇ. ಕಡೆಗೂ ಒಂದು ಸಂಜೆ ಕಾವೇರಿಯ ಫೋನು ಬಂತು.

"ಯವ್ವಾ, ನಿಂತೈತಿ" ಎಂದಳು. ಆಮೇಲೆ ಅಂದಳು, "ಈ ಸಲ ನನ್ನ ಉಡಿ ನೀನs ತುಂಬಬೇಕು ನೋಡ. ದೊಡ್ಡವ್ವ ಬ್ಯಾಡ. ನೀನs."

"ನಾ ಕುಂಟಿ ಇದ್ದೇನಲ್ಲ ಯವ್ವಾ."

"ಅಣ್ಣಗ ಹೇಳೇನಿ. ಅವನ ದವಾಖಾನಿಗೆ ರೋಬೋ ಬಂದೈತಂತ. ಕುಂಟೂದು ಹೋಗ್ತೈತಂತ."

ರೇವವ್ವನ ಬಾಳಿನಲ್ಲಿ ಅವಳಿಗಾಗಿ ಅಂತ ಬೇಕೆನಿಸಿದ್ದು ಇದೊಂದೇ. ಹೊಸ ಸೀರೆ ಕೇಳಿದವಳಲ್ಲ, ತೀರ್ಥಯಾತ್ರೆ ಕೇಳಿದವಳಲ್ಲ. ತನ್ನ ಕೈಯಿಂದ ಮಗಳ ಉಡಿ ತುಂಬಬೇಕು, ಹತ್ತು ಹೆಂಗಸರು ಕಣ್ಣಿಂದ ನೋಡಬೇಕು.

ಅರುಣಕುಮಾರ ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದ. ಆಸ್ಪತ್ರೆಯವರು ಮೊಣಕಾಲು, ಚಪ್ಪೆಯ ಕೀಲು ಬದಲಿಸಲು ಆಗಷ್ಟೇ ರೋಬೋ ತರಿಸಿದ್ದರು. ಹಳ್ಳಿಯ ಕಡೆಯ ಪೇಶಂಟು ಸಿಕ್ಕರೆ ಅವರಿಗೂ ಬೇಕಾಗಿತ್ತು, ತಾಯಿಯ ಕಾಲು ನೆಟ್ಟಗಾದರೆ ಇವನಿಗೂ ಬೇಕಾಗಿತ್ತು. ರೇವವ್ವನನ್ನು ದೊಡ್ಡ ಬಳೆಯಂಥ ಮೆಷಿನ್ನಿನಲ್ಲಿ ಮಲಗಿಸಿ ಸ್ಕ್ಯಾನ್ ತೆಗೆದರು. ಅವಳ ಚಪ್ಪೆಯ ಎಲುಬು ಟೀವಿ ಪರದೆಯ ಮೇಲೆ ಬಣ್ಣಬಣ್ಣವಾಗಿ ತಿರುಗಿತು. ಹಳೆಯ ಪೆಟ್ಟು ಓರೆಯಾಗಿ ಕೂಡಿಕೊಂಡಿದ್ದು, ಕೀಲಿನ ಗುಂಡು ಸವೆದು ಚಪ್ಪಟೆಯಾಗಿದ್ದು, ಎಲ್ಲ ಕಂಡಿತು. ಇಷ್ಟು ವರ್ಷಕ್ಕೆ ಯಾರೋ ಒಬ್ಬರು ತನ್ನ ಎಲುಬನ್ನು ಲಕ್ಷ್ಯಗೊಟ್ಟು ನೋಡುತ್ತಿದ್ದಾರೆಂದು ಅವಳ ಎದೆ ತುಂಬಿ ಬಂತು.

ಡಾಕ್ಟರರು ಚಲೋ ಮನುಷ್ಯ, ಸಮಾಧಾನದಿಂದ ಹೇಳಿದರು. ಹೊಸ ಕೀಲಿನ ಬಟ್ಟಲು ಎಲ್ಲಿ ಕೂರಬೇಕು, ಎಷ್ಟು ವಾಲಬೇಕು ಎಂಬುದನ್ನು ಮೆಷಿನ್ನು ಮೊದಲೇ ಲೆಕ್ಕ ಹಾಕುತ್ತದೆ. ಎಲುಬು ಕೊರೆಯುವಾಗ ಕೈ ಒಂದು ಕೂದಲೆಳೆಯಷ್ಟು ಆಚೀಚೆ ಹೋದರೂ ಅದು ತಾನೇ ತಡೆದು ನಿಲ್ಲಿಸುತ್ತದೆ. ಎರಡೂ ಕಾಲು ಒಂದೇ ಉದ್ದ ಆಗುತ್ತವೆ.

"ಮುಂದ ಕುಂಟೂದಿಲ್ಲಲ್ರಿ ಸಾಹೇಬ್ರ?" ರೇವವ್ವ ಕೇಳಿದ್ದು ಇದೊಂದೇ ಪ್ರಶ್ನೆ.

"ಕುಂಟೂದಿಲ್ಲವಾ" ಎಂದು ಅವರೂ ಅಷ್ಟಕ್ಕೇ ಉತ್ತರ ಕೊಟ್ಟರು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಅಷ್ಟು ದೊಡ್ಡ ಮೆಷಿನ್ನು, ಅಷ್ಟು ಓದಿದ ಡಾಕ್ಟರರು, ಎಲುಬನ್ನು ಸುತ್ತಮುತ್ತ ಅಳೆದರು. ಈ ಹೆಂಗಸು ಎಲ್ಲಿ ಕೂತು ಉಣ್ಣುತ್ತಾಳೆ, ಎಲ್ಲಿ ಕೂತು ರೊಟ್ಟಿ ಬಡಿಯುತ್ತಾಳೆ, ಎಲ್ಲಿ ಕೂತು ದೇವರಿಗೆ ಕೈಮುಗಿಯುತ್ತಾಳೆ ಎಂದು ಒಬ್ಬರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ನೆಲದ ಮೇಲೆ ಕೂರುವುದನ್ನು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು. ಎಚ್ಚರದಲ್ಲೇ ಇದ್ದಳು. ಹಸಿರು ಪರದೆಯ ಆಚೆ ಮೆಷಿನ್ನಿನ ಗುಂಯ್ ಸದ್ದು, ಸುತ್ತಿಗೆಯ ಬಡಿತ, ನಡುನಡುವೆ ಡಾಕ್ಟರರು ಪರದೆ ನೋಡಿ "ಪರ್ಫೆಕ್ಟ್" ಎನ್ನುವುದು ಕೇಳಿಸುತ್ತಿತ್ತು. ಬಡಿಗರು ಹೊಲ ಹರಗುವ ಕುಂಟೆ ಕೂರಿಸುವ ಸದ್ದಿನ ಹಾಗೇ ಇತ್ತು ಎಂದು ಆಮೇಲೆ ಊರಲ್ಲಿ ಹೇಳಿ ನಗಿಸಿದಳು. ಮರುದಿನ ಎಬ್ಬಿಸಿ ನಿಲ್ಲಿಸಿದರು. ರೇವವ್ವ ತಲೆ ತಗ್ಗಿಸಿ ತನ್ನ ಪಾದಗಳನ್ನು ನೋಡಿದಳು. ಎರಡೂ ಹಿಮ್ಮಡಿ ನೆಲಕ್ಕೆ ಊರಿದ್ದವು. ಎಷ್ಟೋ ವರ್ಷದಿಂದ ಬಲಗಾಲಿನ ಹಿಮ್ಮಡಿ ನೆಲ ಕಂಡಿರಲಿಲ್ಲ. ಅವಳಿಗೆ ಕುಣಿಯಬೇಕೆನಿಸಿತು, ಕೂಗಬೇಕೆನಿಸಿತು, ಆ ಟಗರನ್ನು ಕರೆದು ತೋರಿಸಬೇಕೆನಿಸಿತು.

ನಡೆಯುವುದನ್ನು ಕಲಿಸಿದವಳು ಅಬಿದಾ ಎಂಬ ಹುಡುಗಿ, ವ್ಯಾಯಾಮ ಮಾಡಿಸುವ ಕೆಲಸದವಳು, ಇಂಡಿ ತಾಲೂಕಿನ ಕಡೆಯವಳು. ಬಿಡುಗಡೆಯ ದಿನ ಅವಳು ತಾಯಿ ಮಗ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ಕೇಳ್ರಿ ಅವ್ವಾರ. ಮೂರ ತಿಂಗಳ ನೆಲದ ಮ್ಯಾಲ ಕುಂಡ್ರಬ್ಯಾಡ್ರಿ. ಕಾಲ ಮಡಚಿ ಹಾಕ್ಕೋಬ್ಯಾಡ್ರಿ. ಬಗ್ಗಿ ಏನೂ ತಗೋಬ್ಯಾಡ್ರಿ. ಒಳಗಿನ ಗುಂಡು ಬಟ್ಟಲದಾಗಿಂದ ಹೊರಗ ಬೀಳ್ತೈತಿ. ಮೂರ ತಿಂಗಳ ಆದ ಮ್ಯಾಲೂ ನೋಡಕೊಂಡs ಇರಬೇಕ್ರಿ."

"ಕುಬಸ ಅದರಾಗs ಬರ್ತೈತಲ್ಲೋ" ಎಂದು ರೇವವ್ವ ಮಗನ ಕಡೆ ತಿರುಗಿದಳು.

"ಕುರ್ಚಿ ಮ್ಯಾಲ ಕುಂತ ತುಂಬಿದ್ರ ಆತಬೇ, ಅದಕ್ಯಾಕ ಚಿಂತಿ" ಎಂದ ಅರುಣಕುಮಾರ. ಪಟ್ಟಣದಲ್ಲಿ ಇದ್ದು ಇದ್ದು ಅವನಿಗೆ ಕಂಬಳಿ ಹಾಸಿ ನೆಲದಲ್ಲೇ ಕೂತು ತುಂಬಬೇಕೆಂಬ ಸಂಗತಿ ಮರೆತುಹೋಗಿತ್ತು.

ಆಸ್ಪತ್ರೆಯವರು ಒಂದು ಕಾರ್ಯಕ್ರಮ ಮಾಡಿದರು. ರೇವವ್ವನನ್ನು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಸಿದರು. ಶಾಲು ಹೊದಿಸಿದರು, ಚಪ್ಪಾಳೆ ಹೊಡೆದರು, ಫೋಟೋ ತೆಗೆದರು. ಬಾಗೇವಾಡಿಯ ಫ್ಲೆಕ್ಸಿನಲ್ಲಿ ಇರುವುದು ಆ ಫೋಟೋ.

ಮಸೂತಿಯಲ್ಲಿ ನಾಲ್ಕು ದಿನ ಮನೆಯ ತುಂಬ ಜನ. "ನಡದ ತೋರ್ಸ, ರೇವವ್ವ" ಎಂದು ಬಂದವರೆಲ್ಲ ಕೇಳುವವರೇ. ಅವಳು ಕಟ್ಟೆಯಿಂದ ಬಾವಿಯ ತನಕ ನಡೆದು ತೋರಿಸುವಳು. ಮಾತು ಕಡಿಮೆಯ ಅಮಸಿದ್ದ ಮಂದೆ ಬಿಟ್ಟು ಬಂದು ಹೆಂಡತಿ ನಡೆಯುವುದನ್ನು ನೋಡಿ, "ಮೊದಲಿನಂಗs ಆತು" ಎಂದಷ್ಟೇ ಹೇಳಿ, ಮೂಗು ಒರೆಸಿಕೊಂಡು ಮತ್ತೆ ಮಂದೆಗೆ ಹೋದ. ಆದರೆ ನಡೆದು ತೋರಿಸುವುದು ಒಂದು ಗಳಿಗೆಯ ಮಾತು. ಉಳಿದ ಹೊತ್ತೆಲ್ಲ ಕೂರಬೇಕಲ್ಲ? ಅರುಣಕುಮಾರ ತಂದುಕೊಟ್ಟ ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವಳು ಒಬ್ಬಳೇ ಮೇಲೆ, ಮನೆಮಂದಿಯೆಲ್ಲ ಕೆಳಗೆ. ಒಲೆ ನೆಲದಲ್ಲಿ, ಬೀಸುವ ಕಲ್ಲು ನೆಲದಲ್ಲಿ, ಊಟದ ಗಂಗಾಳ ನೆಲದಲ್ಲಿ. ವಯಸ್ಸಿನಲ್ಲಿ ತನಗಿಂತ ಹಿರಿಯಳಾದ ಸಾತವ್ವ ಒಂದು ಮೊಣಕಾಲು ಎತ್ತಿ ಒಂದು ಮಡಚಿ ಕೂತು ರೊಟ್ಟಿ ಬಡಿಯುತ್ತಿದ್ದಳು.

"ನೋಡವಾ, ನಮ್ಮನ್ಯಾಗ ಸಾಹೇಬ್ರ ಬಂದ ಕುಂತಾರ" ಎಂದು ಸಾತವ್ವ ಬಂದವರಿಗೆ ಹೇಳಿ ನಗುವಳು. "ಕೆಳಗಿನವ್ರ ನಾವು, ರೊಟ್ಟಿ ಮಾಡಿ ಹಾಕ್ತೇವಿ."

ನಗೆಗೆ ಹೇಳಿದ್ದು ಅಂದುಕೊಳ್ಳಬಹುದಿತ್ತು. ದಿನಾ ಹೇಳಿದರೆ ಯಾರಿಗೂ ನಗೆ ಎನಿಸುವುದಿಲ್ಲ. ಹಿರಿಯ ನೆಗೆಣ್ಣಿ ಕೆಳಗೆ ಕೂತಿರುವಾಗ ತಾನು ಮೇಲೆ ಕೂತು ಉಣ್ಣುವುದು ರೇವವ್ವನಿಗೆ ಆಗಿಬರಲಿಲ್ಲ. ಎಷ್ಟೋ ದಿನ ನಿಂತುಕೊಂಡೇ ಉಂಡಳು. ಕುಬಸದ ದಿನ ಒಂದು ಬರಲಿ, ಮಗಳ ಉಡಿ ತುಂಬಿಬಿಟ್ಟರೆ ಇವಳ ಬಾಯಿ ತಾನೇ ಮುಚ್ಚುತ್ತದೆ ಎಂದುಕೊಂಡು ನುಂಗಿಕೊಂಡಳು.

ಕಾವೇರಿಗೆ ಏಳನೆಯ ತಿಂಗಳು ಬಂತು. ಊರಲ್ಲಿ ಬಾಡಿಗೆ ಗಾಡಿ ಓಡಿಸುವ ಕಾಸಿಂಸಾಬನ ಕ್ರೂಸರಿನಲ್ಲಿ ಬುತ್ತಿಯ ಬುಟ್ಟಿಗಳನ್ನು ಹೇರಿದರು. ಶೇಂಗಾ ಹೋಳಿಗೆ, ಕರಿಗಡುಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನಾಲ್ಕು ಥರದ ಚಟ್ನಿ. ಕಾಸಿಂಸಾಬ ಮುಂದಿನ ಸೀಟಿಗೆ ತನ್ನ ಮನೆಯಿಂದಲೇ ದಿಂಬು ತಂದು ಇಟ್ಟಿದ್ದ. "ಅಕ್ಕಾ, ತಗ್ಗ ಬಂದ್ರ ಮೊದಲs ಹೇಳ್ತೇನಿ, ಗಟ್ಟಿ ಹಿಡಕೋರಿ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದ. ದೇವರ ಹಿಪ್ಪರಗಿ ದಾಟುವಾಗ ರೇವವ್ವ ತವರಿನ ದಾರಿಯ ಕಡೆ ಕೈಮುಗಿದಳು. ಸಿಂದಗಿ ದಾಟಿದ ಮೇಲೆ ಒಂದು ಕಾಲಕ್ಕೆ ಕುರಿಯ ಹಿಂದೆ ನಡೆದ ಹೊಲಗಳೆಲ್ಲ ಕಬ್ಬಾಗಿ ನಿಂತಿದ್ದವು. ಅವಳು ಆ ದಿನ ಸಂತೋಷವಾಗಿದ್ದಳು. ಹಿಂದಿನ ಸೀಟಿನ ಹೆಂಗಸರು ಹಾಡು ಹೇಳಿದರೆ ತಾನೂ ದನಿಗೂಡಿಸಿದಳು.

ಆಲಮೇಲದ ಮನೆಯಲ್ಲಿ ಪಡಸಾಲೆ ಸಾರಿಸಿ, ರಂಗೋಲಿ ಹಾಕಿ, ಕರಿ ಕಂಬಳಿ ಹಾಸಿದ್ದರು. ಕಂಬಳಿ ಹಾಸಿದರೆಂದರೆ ಅಲ್ಲಿ ದೇವರು ಕೂತ ಹಾಗೆ. ಅದರ ಎದುರು ಮೇಲೆ ಕೂತವರನ್ನು ಆ ಜನ ಎಂದೂ ಕಂಡಿಲ್ಲ. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ ಮುಡಿದ ಕಾವೇರಿಯನ್ನು ಅದರ ಮೇಲೆ ಕೂರಿಸಿದರು. ಮಗಳ ಮುಖ ತುಂಬಿಕೊಂಡು ಬೇರೆ ಯಾರದೋ ಮುಖದ ಹಾಗೆ ಚೆಂದ ಕಂಡಿತು. ಅರುಣಕುಮಾರ ಗಂಡಸರ ಜೊತೆ ಹೊರಗೆ ಚಪ್ಪರದಲ್ಲಿದ್ದ. ಸುಮಿತ್ರಾಬಾಯಿ ಒಳಗಿನಿಂದ ತಾನೇ ಎರಡು ಕುರ್ಚಿ ಹಿಡಿದು ತಂದಳು.

"ಬೀಗತಿ, ನೀವ ಕುರ್ಚಿ ಮ್ಯಾಲs ಕುಂಡರ್ರಿ. ಕಾವೇರಿನ್ನೂ ಕುರ್ಚಿ ಮ್ಯಾಲ ಕುಂಡ್ರಸ್ತೇನಿ. ಕಂಬಳಿ ಆಚೀಕ ಸರಸೂಣು. ಈಗಿನ ಕಾಲದಾಗ ಯಾರೇನ ಅಂತಾರ?"

ಒಬ್ಬರು ಅನ್ನುವವರು ಇದ್ದೇ ಇದ್ದರು.

"ಕುರ್ಚಿ ಎದಕ?" ಎಂದಳು ಸಾತವ್ವ. ದನಿ ಏರಿಸಲಿಲ್ಲ, ಎಲೆಗೆ ಸುಣ್ಣ ಸವರುತ್ತಲೇ ಹೇಳಿದಳು. "ನಮ್ಮ ರೇವೀ ಕಾಲ ನೆಟ್ಟಗಾಗ್ಯಾವಲ್ಲ. ಫೋಟೋ ಬಾಗೇವಾಡಿ ತುಂಬ ಹಚ್ಚ್ಯಾರ. ನೆಲಕ್ಕ ಕುಂಡ್ರಾಕ ಬರೂದಿಲ್ಲ ಅಂದ್ರ ಊನ ಹೋಗಿಲ್ಲ ಅಂದಂಗಾತು. ಹಂಗಿದ್ರ ಹೇಳ್ರಿ, ನಾನs ತುಂಬ್ತೇನಿ. ಬಾಳ ವರ್ಷದ ಮ್ಯಾಲ ನಿಂತದ್ದೈತಿ, ಎದಕ ಸಂಶೆ ಇಟಗೋತೀರಿ?"

ಸುಮಿತ್ರಾಬಾಯಿ ಕುರ್ಚಿಯನ್ನು ಹಿಡಿದೇ ನಿಂತಳು, ಇಡಲೂ ಇಲ್ಲ, ಒಯ್ಯಲೂ ಇಲ್ಲ. ರೇವವ್ವ ಮಗಳ ಮುಖ ನೋಡಿದಳು. ಈ ಸಲ ನೀನೇ ತುಂಬಬೇಕು ಎಂದಿದ್ದ ಮಗಳು ತಲೆ ತಗ್ಗಿಸಿ ಬಳೆ ತಿರುವುತ್ತಿದ್ದಳು. ಅಬಿದಾಳ ಮಾತು ರೇವವ್ವನಿಗೆ ನೆನಪಿರಲಿಲ್ಲ ಎಂದಲ್ಲ, ಚೆನ್ನಾಗಿಯೇ ನೆನಪಿತ್ತು. ಆದರೆ ಕುರ್ಚಿಯಲ್ಲಿ ಕೂತರೆ ಅವಳು ಮತ್ತೆ ಕುಂಟ ರೇವವ್ವ. ಆ ಎಂಟು ಹತ್ತು ಹೆಂಗಸರ ಎದುರು, ಅದೂ ಸಾತವ್ವನ ಎದುರು, ತಾನು ಊನವಿಲ್ಲದವಳೆಂದು ತೋರಿಸಲು ಅವಳಿಗೆ ಇದ್ದದ್ದು ಆ ಒಂದು ಗಳಿಗೆ. ಅವಳು ಕುರ್ಚಿಯನ್ನು ಬದಿಗೆ ಸರಿಸಿದಳು.

"ಕುಂಡ್ರತೇನಿ ತಗೋ. ಅದರಾಗೇನೈತಿ."

ಗೋಡೆ ಹಿಡಿದು, ಎಡಗಾಲು ಮೊದಲು ಮಡಚಿ, ಮೆಲ್ಲಗೆ ಇಳಿದಳು. ಬಲಗಾಲಿನ ಬುಡದಲ್ಲಿ ಏನೋ ಬಿಗಿಯಿತು, ಆದರೂ ಕೂತಳು. ಕೂತು ಸಾತವ್ವನ ಕಡೆ ಒಮ್ಮೆ ನೋಡಿದಳು. ಸಾತವ್ವ ಎಲೆ ಬಾಯಿಗಿಟ್ಟುಕೊಂಡಳು. ಹೆಂಗಸರು ಹಾಡು ಎತ್ತಿಕೊಂಡರು. ರೇವವ್ವ ಮಗಳಿಗೆ ಅರಿಸಿನ ಹಚ್ಚಿ, ಕುಂಕುಮ ಇಟ್ಟು, ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ಮುಂದಕ್ಕೆ ಬಾಗಿದಳು. ಮೊದಲ ಬೊಗಸೆ ಮಗಳ ಸೆರಗಿಗೆ ಬಿತ್ತು. ಕೈಯ ಹಿಂಭಾಗ ಮಗಳ ಹೊಟ್ಟೆಗೆ ತಾಗಿತು. ಗಟ್ಟಿಯಾಗಿ, ಬೆಚ್ಚಗೆ ಇತ್ತು. ಎರಡನೆಯದಕ್ಕೆ ಇನ್ನಷ್ಟು ಬಾಗಿದಳು.

ಆಗ ಒಳಗೆ ಟಕ್ ಎಂದಿತು.

ಬೇರೆ ಯಾರಿಗೂ ಕೇಳಿಸಲಿಲ್ಲ, ಹಾಡು ಜೋರಾಗಿತ್ತು. ರೇವವ್ವನ ಕಣ್ಣು ಕತ್ತಲಿಟ್ಟಿತು. ಟಗರು ಗುದ್ದಿದ ದಿನ ಇಷ್ಟು ನೋವಾಗಿರಲಿಲ್ಲ. ಬಾಯಿ ತೆರೆದರೆ ಚೀತ್ಕಾರ ಬರುತ್ತದೆಂದು ತುಟಿ ಕಚ್ಚಿದಳು. ಇನ್ನೂ ಮೂರು ಬೊಗಸೆ ಉಳಿದಿದ್ದವು. ಅರ್ಧ ತುಂಬಿದ ಉಡಿ ಬಿಟ್ಟು ಏಳುವಂತಿಲ್ಲ. ಅವಳು ತುಂಬಿದಳು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಖಣ, ಎಲ್ಲವನ್ನೂ ಒಂದೊಂದಾಗಿ ತುಂಬಿದಳು. ಹಣೆಯಿಂದ ಬೆವರಿಳಿದು ಕಣ್ಣೀರಿಗೆ ಕೂಡಿಕೊಂಡಿತು. "ತಾಯಿ ಕರಳ ನೋಡವಾ" ಎಂದು ಯಾರೋ ಹೆಂಗಸು ತಾನೂ ಕಣ್ಣು ಒರೆಸಿಕೊಂಡಳು. ಇನ್ನೊಬ್ಬಳು ಮೊಬೈಲಿನಲ್ಲಿ ಫೋಟೋ ತೆಗೆದಳು. ಆರತಿ ಆಯಿತು.

"ಏಳ ರೇವವ್ವ, ಉಳದವ್ರೂ ತುಂಬತಾರ."

ಅವಳಿಗೆ ಏಳಲಾಗಲಿಲ್ಲ. ಇಬ್ಬರು ರಟ್ಟೆ ಹಿಡಿದು ಎತ್ತಿದರು. ಅಷ್ಟು ಹೊತ್ತು ಕಚ್ಚಿ ಹಿಡಿದದ್ದು ಆಗ ಬಾಯಿಂದ ಬಿಟ್ಟುಹೋಯಿತು. ಆ ಚೀರಾಟಕ್ಕೆ ಚಪ್ಪರದ ಗಂಡಸರೆಲ್ಲ ಓಡಿ ಬಂದರು. ಅರುಣಕುಮಾರ ಬಾಗಿಲಿನಿಂದಲೇ ತಾಯಿಯ ಬಲ ಪಾದ ಒಳಮುಖವಾಗಿ ತಿರುಗಿದ್ದನ್ನು, ಕಾಲು ಗಿಡ್ಡವಾದದ್ದನ್ನು ನೋಡಿದ. ದಿನಾ ಅಂಥ ಚಿತ್ರ ತೆಗೆಯುವವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಯಾವ ಹಲ್ಕಟ್ಟ ಕುಂಡ್ರ ಅಂತಂದದ್ದು?" ಎಂದು ಒದರಿದ.

"ಯಾರೂ ಅಂದಿಲ್ಲ. ಆಕೀನs ಕುಂತಳು" ಎಂದಳು ಸಾತವ್ವ. ಅದು ಸುಳ್ಳೂ ಅಲ್ಲ.

ಕಾಸಿಂಸಾಬ ಡೀಸೆಲ್ ಹಾಕಿಸಲು ಹೋಗಿದ್ದ. ಅವನು ಬರುವ ತನಕ ರೇವವ್ವನನ್ನು ಒಳಗಿನ ಕೋಣೆಯ ಹೊರಸಿನ ಮೇಲೆ ಮಲಗಿಸಿದರು. ಅರುಣಕುಮಾರ ಫೋನು ಹಿಡಿದು ಹೊರಗೆ ಓಡಾಡುತ್ತಿದ್ದ. ಕೋಣೆಗೆ ಹಿತ್ತಲ ಕಡೆ ಒಂದು ಕಿಟಕಿ. ಪಡಸಾಲೆಯಲ್ಲಿ ಮೊದಲು ಪಿಸುಮಾತು, ಆಮೇಲೆ ಜೋರು ಮಾತು.

"ಉಡಿ ತುಂಬಿದಾಕೀನs ಚೀರಿ ಬಿದ್ಲಂದ್ರ ಹೆಂಗವಾ? ಒಳಗ ಕೂಸೈತಿ."

"ಹಂಗs ಬಿಡಬ್ಯಾಡ್ರಿ. ಇದನ್ನ ತಗದು ಹೊಸಾದ ತುಂಬರಿ."

"ಸಾತವ್ವ ಅದಾಳಲ್ಲ. ಮದಿವ್ಯಾಗೂ ಆಕೀನs ತುಂಬಿದ್ಲು."

ರೇವವ್ವ ನೋವನ್ನು ಬದಿಗಿಟ್ಟು ಕಿವಿಗೊಟ್ಟಳು. ಕಾವೇರಿ ಬ್ಯಾಡ ಅನ್ನುತ್ತಾಳೆ ಎಂದು ಕಾದಳು. ನಮ್ಮವ್ವ ತುಂಬಿದ್ದು ತೆಗೆಯಬೇಡಿ ಎಂದು ಒಂದು ಮಾತು ಅನ್ನಲಿ, ಸಾಕು. ಸುಮಿತ್ರಾಬಾಯಿಯ ದನಿ ಕೇಳಿತು, "ಏನ ಮಾಡೂಣು ಕಾವೇರಿ?" ಎಂದು ಮೆಲ್ಲಗೆ ಕೇಳಿದ್ದು. ಆಮೇಲೆ ಬಳೆಯ ಸದ್ದು ಮಾತ್ರ ಕೇಳಿತು. ಮಗಳು ಬ್ಯಾಡ ಅನ್ನಲಿಲ್ಲ. ಇಷ್ಟು ವರ್ಷ ಬೇಡಿ ಪಡೆದ ಕೂಸು, ಹೆದರಿದ್ದಾಳೆ, ತಪ್ಪು ತಿಳಿಯಬಾರದು ಎಂದು ಯಾರು ಬೇಕಾದರೂ ಹೇಳಬಹುದು. ಹೊರಸಿನ ಮೇಲೆ ಬಿದ್ದವಳಿಗೆ ಅದನ್ನು ಹೇಳಿ ನೋಡಿ.

ಹಿತ್ತಲ ಬಾಗಿಲು ತೆರೆಯಿತು. ಯಾರೋ ಹೆಂಗಸು ಮೊರದಲ್ಲಿ ಅಕ್ಕಿ ತಂದು ಅಂಗಳಕ್ಕೆ ಚೆಲ್ಲಿದಳು. ಅರಿಸಿನ ಕುಂಕುಮ ಹತ್ತಿದ ಅಕ್ಕಿ. ಕೋಳಿಗಳು ಓಡಿ ಬಂದವು. ರೇವವ್ವ ಕಿಟಕಿಯಿಂದ ನೋಡಿದಳು. ಅವು ಗಡಿಬಿಡಿಯಿಂದ ತಿಂದವು. ಪಡಸಾಲೆಯಲ್ಲಿ ಅದೇ ಹಾಡು ಮತ್ತೊಮ್ಮೆ ಮೊದಲಿನಿಂದ ಶುರುವಾಯಿತು. ಅಕ್ಕಿ ಸೆರಗಿಗೆ ಬೀಳುವ ಸದ್ದು ಕೇಳುವಷ್ಟು ಹತ್ತಿರವಿತ್ತು ಆ ಕೋಣೆ.

ವಿಜಯಪುರದಲ್ಲಿ ಈ ಸಲ ಮಂಪರು ಕೊಟ್ಟು, ಕೊಯ್ಯದೆ, ಕಾಲನ್ನು ಎಳೆದು ತಿರುವಿ ಗುಂಡನ್ನು ಬಟ್ಟಲಿಗೆ ಕೂರಿಸಿದರು. ಡಾಕ್ಟರರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಟ್ಟಲು ತನ್ನ ಜಾಗದಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ.

"ನೋಡ್ರಿ, ನಮ್ಮ ಕಡಿಂದ ಏನೂ ತಪ್ಪಿಲ್ಲ. ನೆಲಕ್ಕ ಕುಂಡ್ರಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು?"

"ಹೇಳಿದ್ರಿ" ಎಂದಳು ರೇವವ್ವ.

ಅರುಣಕುಮಾರ ತಲೆ ತಗ್ಗಿಸಿ ನಿಂತಿದ್ದ. ತಾಯಿಯ ನೋವಿಗಿಂತ ಸಹೋದ್ಯೋಗಿಗಳ ಎದುರಿನ ನಾಚಿಕೆಯೇ ಅವನಿಗೆ ಹೆಚ್ಚಾಗಿತ್ತೋ ಏನೋ. ವಾರ್ಡಿನಲ್ಲಿ ಕೀಲು ಬದಲಿಸಿಕೊಳ್ಳಲು ಬಂದ ಬೇರೆಯವರೂ ಇದ್ದರು. ಅವರ ಮುಂದೆ ಇದನ್ನೆಲ್ಲ ಹೇಳಬೇಡ ಎಂದು ತಾಯಿಯ ಕಿವಿಯಲ್ಲಿ ಹೇಳಿ ಹೋದ. ಅಬಿದಾ ಒಬ್ಬಳೇ ಬಂದು ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, "ಯಾಕ್ರಿ ಅವ್ವಾರ, ಹಿಂಗ ಮಾಡ್ಕೊಂಡ್ರಿ" ಎಂದಳು. ರೇವವ್ವ ಅವಳ ಕೈ ಹಿಡಿದುಕೊಂಡಳು. ಫ್ಲೆಕ್ಸನ್ನು ಯಾರೂ ಇಳಿಸಲಿಲ್ಲ. ಇಳಿಸಲು ಕಾರಣವಾದರೂ ಏನು? ಪಟ್ಟಿ ಬಿಚ್ಚಿದ ಮೇಲೆ ಅವಳು ಮತ್ತೆ ನೆಟ್ಟಗೆ ನಡೆದಳು, ಫೋಟೋದಲ್ಲಿ ಇದ್ದ ಹಾಗೆಯೇ.

ಕಾವೇರಿಗೆ ಸಿಂದಗಿಯ ದವಾಖಾನೆಯಲ್ಲಿ ಗಂಡು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖ. ದೊಡ್ಡವ್ವನ ಕೈಗುಣ ಎಂದು ಆಲಮೇಲದಲ್ಲೂ ಮಸೂತಿಯಲ್ಲೂ ಜನ ಮಾತಾಡಿದರು. ಸಾತವ್ವ ಆ ಮಾತನ್ನು ಬೇಡವೆನ್ನಲಿಲ್ಲ. ಚೊಚ್ಚಿಲ ಬಾಣಂತನ ತವರಲ್ಲಿ ಆಗಬೇಕಿತ್ತು. ಬಗ್ಗಲಾಗದ ತಾಯಿ ಬಾಣಂತಿಗೆ ನೀರು ಎರೆಯುವುದು ಹೇಗೆ ಎಂದು ಆಲಮೇಲದಲ್ಲೇ ಉಳಿಸಿಕೊಂಡರು.

ತೊಟ್ಟಿಲ ದಿನ ಮತ್ತೆ ಕಾಸಿಂಸಾಬನ ಕ್ರೂಸರು, ಮತ್ತೆ ಮುಂದಿನ ಸೀಟಿನಲ್ಲಿ ಅದೇ ದಿಂಬು. ರೇವವ್ವ ಈ ಸಲ ಹಾಡಲಿಲ್ಲ. ಪಡಸಾಲೆಗೆ ಕಾಲಿಟ್ಟರೆ ತೊಟ್ಟಿಲ ಪಕ್ಕದಲ್ಲಿ, ಹಾಸಿದ ಕಂಬಳಿಯ ಮೇಲೆಯೇ, ಮೆತ್ತೆ ಹಾಕಿದ ಒಂದು ಕುರ್ಚಿ ಇತ್ತು. ಇಟ್ಟವಳು ಸಾತವ್ವನೇ. "ಬಾ ರೇವಿ, ಇಲ್ಲಿ ಕುಂಡ್ರ. ನಿನಗಂತs ಹಾಕೇನಿ" ಎಂದಳು. ಯಾವ ಹೆಂಗಸೂ ಅದಕ್ಕೆ ಅಡ್ಡ ಮಾತಾಡಲಿಲ್ಲ. ಈಗ ಅವಳು ಊನದವಳೆಂದು ಎಲ್ಲರಿಗೂ ಗೊತ್ತಾಗಿತ್ತು, ಊನದವಳಿಗೆ ಕುರ್ಚಿ ಕೊಡಲು ಯಾರ ಅಭ್ಯಂತರವೂ ಇರಲಿಲ್ಲ.

ಕಾವೇರಿ ಕೂಸನ್ನು ಎತ್ತಿಕೊಂಡು ಬಂದಳು. ತಾಯಿಯ ಕಣ್ಣಿಗೆ ಕಣ್ಣು ಕೊಡಲಾರದೆ ಕೂಸಿನ ತಲೆಯ ಕುಲಾಯಿ ಸರಿಪಡಿಸುತ್ತಲೇ ಅಂದಳು, "ಯವ್ವಾ, ಮೊದಲ ನೀನs ತೊಟ್ಟಿಲಕ್ಕ ಹಾಕ."

ರೇವವ್ವ ಕುರ್ಚಿ ನೋಡಿದಳು, ಸಾತವ್ವನನ್ನು ನೋಡಿದಳು, ಆಮೇಲೆ ಬಹಳ ಹೊತ್ತು ಕೂಸನ್ನು ನೋಡಿದಳು. ಕೈ ಚಾಚಿ ಕೂಸಿನ ಅಂಗಾಲನ್ನು ಒಮ್ಮೆ ಮುಟ್ಟಿದಳು.

"ನಿಮ್ಮ ದೊಡ್ಡವ್ವನ ಕೈಲೇನs ಹಾಕಸವಾ" ಎಂದಳು. "ಎರಡ ಸಲ ಮಾಡೂದ ತಪ್ಪತೈತಿ."

ಅಂದವಳು ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಒಂದು ಹೆಜ್ಜೆಯೂ ಕುಂಟದೆ ಹೊರಗೆ ನಡೆದು ಹೋದಳು.